ಉದ್ಯೋಗ ಚಿಕಿತ್ಸಕರ ನೋಂದಣಿ: ಒಂದು ಐತಿಹಾಸಿಕ ಸಮೀಕ್ಷೆ

ಶಾಸನವೆಂಬ ಮಾತು ಕಿವಿಗೆ ಬಿದ್ದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು ಕಲ್ಲು, ಇಲ್ಲವೆ ತಾಮ್ರಪಟ. ದಾನವನ್ನು ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟ ಭೂಮಿಯ ಎಲ್ಲೆಕಟ್ಟುಗಳು ಯಾವುವು, ದಾನವನ್ನು ಕೆಡಿಸಿದವರಿಗೆ ಒದಗುವ ದಂಡ ಯಾವುದು ಎಂಬ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಅದನ್ನು ಓದುವುದು ನಮ್ಮಲ್ಲಿ ವಾಡಿಕೆ. ಆಧುನಿಕ ರಾಜ್ಯಗಳ ಶಾಸನಸಭೆಗಳು ಅಂಗೀಕರಿಸುವ ಕಾಯಿದೆಗಳನ್ನೂ ಇದೇ ಪ್ರಶ್ನೆಗಳ ನೆರವಿನಿಂದ ಓದಬಹುದೆಂಬುದು ನಮ್ಮ ಅಭಿಪ್ರಾಯ. ಒಂದು ವೃತ್ತಿಯನ್ನು ನಡೆಸಲು ಕೆಲವರಿಗೆ ಮಾತ್ರ ಪರವಾನಗಿಯನ್ನು ಕೊಟ್ಟು ಉಳಿದವರನ್ನು ಹೊರಗಿಡುವುದೆಂದರೆ ಅದೂ ಒಂದು ಬಗೆಯ ದಾನವೇ ಸರಿ. ಅದಕ್ಕೂ ಎಲ್ಲೆಕಟ್ಟು ಉಂಟು, ದಂಡವೂ ಉಂಟು.

ಪ್ರಕೃತ ಲೇಖನದಲ್ಲಿ ನಾವು ವಿಚಾರಕ್ಕೆ ಎತ್ತಿಕೊಂಡಿರುವುದು ಉದ್ಯೋಗ ಚಿಕಿತ್ಸಕರಿಗೆ, ಎಂದರೆ ಆಸ್ಪತ್ರೆಗಳಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಎಂದು ಕರೆಯಲ್ಪಡುವವರಿಗೆ, ಸಂಬಂಧಿಸಿದ ಕಾಯಿದೆಗಳ ಚರಿತ್ರೆಯನ್ನು. ವೈದ್ಯರ ನೋಂದಣಿ ಹಳೆಯದು. ಬ್ರಿಟನ್ನಿನಲ್ಲಿ 1858ರಲ್ಲಿ, ಮುಂಬಯಿ ಪ್ರಾಂತದಲ್ಲಿ 1912ರಲ್ಲಿ, ಮದರಾಸು ಪ್ರಾಂತದಲ್ಲಿ 1914ರಲ್ಲಿ, ನಮ್ಮ ಮೈಸೂರು ಸಂಸ್ಥಾನದಲ್ಲಿ 1931ರಲ್ಲಿ ಅದಕ್ಕೆ ಕಾಯಿದೆಗಳಾದವು. ಉದ್ಯೋಗ ಚಿಕಿತ್ಸಕರಾದರೋ ಬ್ರಿಟನ್ನಿನಲ್ಲಿ 1960ರವರೆಗೆ, ಅಮೆರಿಕದ ರಾಜ್ಯಗಳಲ್ಲಿ 1975ರವರೆಗೆ, ಭಾರತದಲ್ಲಿ ದೆಹಲಿಯೊಂದನ್ನು ಹಿಡಿದರೆ 1997ರವರೆಗೆ, ಇಡೀ ದೇಶವನ್ನು ಹಿಡಿದರೆ 2021ರವರೆಗೆ ಕಾಯಬೇಕಾಯಿತು. ಈ ವಿಳಂಬಕ್ಕೆ ಕಾರಣವೇನು? ಕೊನೆಗೆ ರಾಜ್ಯವು ಕೈಹಾಕಿದ್ದಾದರೂ ಏತಕ್ಕೆ? ಇವೆರಡು ಪ್ರಶ್ನೆಗಳಿಗೆ ಮೂರು ದೇಶಗಳ ಅನುಭವದಿಂದ ಉತ್ತರವನ್ನು ಹುಡುಕುವುದು ನಮ್ಮ ಉದ್ದೇಶ.

ವೃತ್ತಿಯ ಸ್ವರೂಪ

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ ಉದ್ಯೋಗವೆಂದರೆ ಸಾಮಾನ್ಯವಾಗಿ ಸಂಬಳದ ಕೆಲಸವೆಂದೇ ಅರ್ಥ. ಆದಕಾರಣ ಉದ್ಯೋಗ ಚಿಕಿತ್ಸೆಯೆಂದೊಡನೆ ಕೆಲಸ ಕೊಡಿಸುವ ವ್ಯವಸ್ಥೆಯೆಂದು ಭ್ರಮಿಸುವವರು ಉಂಟು. ಇಲ್ಲಿ ಉದ್ಯೋಗವೆಂದರೆ ಮನುಷ್ಯನು ಬೆಳಗಿನಿಂದ ರಾತ್ರಿಯವರೆಗೆ ತೊಡಗಿಕೊಳ್ಳುವ ಎಲ್ಲ ಕೆಲಸವೂ ಹೌದು. ಪಾರ್ಶ್ವವಾಯುವಿನಿಂದ ಬಲಗೈ ಬಿದ್ದುಹೋದವನು ಅಂಗಿಯ ಗುಂಡಿಯನ್ನು ಹಾಕಿಕೊಳ್ಳುವುದು, ಸುಟ್ಟಗಾಯದಿಂದ ಬೆರಳು ಮುರುಟಿಹೋದವಳು ಮತ್ತೆ ರೊಟ್ಟಿ ತಟ್ಟುವುದು, ಮನೋವ್ಯಾಧಿಯಿಂದ ಬಹುಕಾಲ ಆಸ್ಪತ್ರೆಯಲ್ಲಿ ಇದ್ದವನು ದಿನದ ಕ್ರಮವನ್ನು ಮರಳಿ ಕಲಿಯುವುದು, ಇವೆಲ್ಲವೂ ಅದರ ವ್ಯಾಪ್ತಿಗೆ ಸೇರಿವೆ. ಕೆಲಸವೇ ಇಲ್ಲಿ ಔಷಧ. ಕೆಲಸವನ್ನು ಮರಳಿ ಪಡೆಯುವುದೇ ಗುಣ.

ಕಾನೂನಿನ ತೊಡಕು ಹುಟ್ಟುವುದು ಈ ಸ್ವರೂಪದಿಂದಲೇ. ಶಸ್ತ್ರವೈದ್ಯನ ಕತ್ತಿಯಾಗಲಿ ಔಷಧದ ಪ್ರಮಾಣವಾಗಲಿ ಸಾಮಾನ್ಯ ಜನರ ಕೈಗೆ ಬರತಕ್ಕದ್ದಲ್ಲ. ಅದರ ಸುತ್ತ ಬೇಲಿ ಹಾಕುವುದು ಸುಲಭ. ನೇಯುವುದು, ಬಾಚುವುದು, ಅಡುಗೆ ಮಾಡುವುದು ಎಲ್ಲರ ಸ್ವತ್ತು. ಕೈಹಿಡಿದು ಮಗನಿಗೆ ಊಟಮಾಡಲು ಕಲಿಸುವ ತಾಯಿಯ ಕೆಲಸಕ್ಕೂ ಚಿಕಿತ್ಸಕಿಯ ಕೆಲಸಕ್ಕೂ ಹೊರನೋಟದಲ್ಲಿ ಭೇದವಿಲ್ಲ. ಚಿಕಿತ್ಸಕಿಯು ಯಾವ ಸ್ನಾಯುವನ್ನು, ಯಾವ ಕೀಲನ್ನು, ಮನಸ್ಸಿನ ಯಾವ ಶಕ್ತಿಯನ್ನು ಪರೀಕ್ಷಿಸಿ ಆ ಕೆಲಸವನ್ನು ಆರಿಸಿದಳೆಂಬುದರಲ್ಲಿ ಭೇದವಿದೆ. ಆದರೆ ಅದು ಕಣ್ಣಿಗೆ ಕಾಣುವಂಥದಲ್ಲ. ಕಾಣದ ಭೇದವನ್ನು ಕಾಯಿದೆಯ ಭಾಷೆಯಲ್ಲಿ ಹೇಳುವುದು ಹೇಗೆ?

ಈ ಕಷ್ಟದಿಂದ ಪಾರಾಗಲು ರಾಜ್ಯಗಳು ಎರಡು ಮಾರ್ಗಗಳನ್ನು ಹಿಡಿದಿವೆ. ಒಂದು, ಹೆಸರಿನ ರಕ್ಷಣೆ: ಪಟ್ಟಿಯಲ್ಲಿ ಸೇರಿದವರ ಹೊರತು ಮತ್ತಾರೂ ಆ ವೃತ್ತಿನಾಮವನ್ನು ಬಳಸಕೂಡದು, ಕೆಲಸವನ್ನು ಬೇಕಾದರೆ ಯಾರಾದರೂ ಮಾಡಬಹುದು. ಎರಡು, ಕೆಲಸದ ರಕ್ಷಣೆ: ಕಾಯಿದೆಯು ವಿವರಿಸಿದ ಕೆಲಸವನ್ನೇ ಪರವಾನಗಿಯಿಲ್ಲದವರು ಮಾಡಕೂಡದು. ಮೊದಲನೆಯದು ಸಡಿಲವಾದ ಕಟ್ಟು, ಎರಡನೆಯದು ಬಿಗಿಯಾದುದು. ಮುಂದಿನ ಚರಿತ್ರೆಯೆಲ್ಲ ಇವೆರಡರ ನಡುವಣ ಹೊಯ್ದಾಟವೆನ್ನಬಹುದು.

ಅಮೆರಿಕ: ಸಂಘದಿಂದ ರಾಜ್ಯಕ್ಕೆ

1917ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನ ಒಂದು ಮನೆಯಲ್ಲಿ ಆರು ಜನರು ಸೇರಿ ಈ ವೃತ್ತಿಯ ಮೊದಲ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಅವರು ಯಾರು ಯಾರೆಂಬುದು ನಮ್ಮ ವಿಚಾರಕ್ಕೆ ಮುಖ್ಯವಾದುದು. ಮನೆಯ ಯಜಮಾನನಾದ ಜಾರ್ಜ್ ಎಡ್ವರ್ಡ್ ಬಾರ್ಟನ್ ವಾಸ್ತುಶಿಲ್ಪಿ. ಕ್ಷಯರೋಗ ಮತ್ತು ಪಾರ್ಶ್ವವಾಯುಗಳಿಂದ ನರಳಿ ಕೆಲಸದ ಮೂಲಕವೇ ಚೇತರಿಸಿಕೊಂಡಿದ್ದವನು. ಥಾಮಸ್ ಕಿಡ್ನರ್ ಕೂಡ ವಾಸ್ತುಶಿಲ್ಪಿಯೇ. ಎಲಿನೋರ್ ಕ್ಲಾರ್ಕ್ ಸ್ಲೇಗಲ್ ಸಮಾಜಸೇವಾಕಾರ್ಯದಿಂದ ಬಂದವಳು. ಸೂಸನ್ ಕಾಕ್ಸ್ ಜಾನ್ಸನ್ ಕರಕುಶಲಕಲೆಯ ಅಧ್ಯಾಪಕಿ. ಇಸಬೆಲ್ ನ್ಯೂಟನ್ ಬಾರ್ಟನ್ನನ ಕಾರ್ಯದರ್ಶಿನಿ. ವೈದ್ಯನೆಂದರೆ ಮನೋವೈದ್ಯನಾದ ವಿಲಿಯಂ ರಷ್ ಡಂಟನ್ ಒಬ್ಬನೇ. ಅದೇ ವರ್ಷ ಅಮೆರಿಕವು ಮಹಾಯುದ್ಧಕ್ಕಿಳಿಯಿತು. ಗಾಯಗೊಂಡ ಸೈನಿಕರಿಗೆ ಕೈಕೆಲಸದ ಮೂಲಕ ಚೈತನ್ಯವನ್ನು ತುಂಬಲು ಸೇನೆಯ ಆಸ್ಪತ್ರೆಗಳು ಸ್ತ್ರೀಯರನ್ನು ನೇಮಿಸಿಕೊಂಡವು. ಅವರಿಗೆ ಸೈನಿಕ ಪದವಿಯಿರಲಿಲ್ಲ. ಒಟ್ಟಿನಲ್ಲಿ ಈ ವೃತ್ತಿಯು ಹುಟ್ಟಿದ್ದು ಕಸುಬಿನ ಕೋಣೆಯಲ್ಲಿ, ಬಹುಮಟ್ಟಿಗೆ ಹೆಂಗಸರ ಕೈಯಲ್ಲಿ.

ಸಂಘವು ಸ್ವಲ್ಪ ಕಾಲದಲ್ಲಿಯೇ ತನ್ನ ಹೆಸರನ್ನು ಅಮೆರಿಕದ ಉದ್ಯೋಗ ಚಿಕಿತ್ಸಾ ಸಂಘವೆಂದು ಬದಲಿಸಿಕೊಂಡಿತು. 1923ರಲ್ಲಿ ತರಬೇತಿಯ ಕನಿಷ್ಠ ಮಟ್ಟವನ್ನು ಗೊತ್ತುಪಡಿಸಿತು. 1930ರ ದಶಕದ ಆರಂಭದಲ್ಲಿ ಅರ್ಹರ ರಾಷ್ಟ್ರೀಯ ಪಟ್ಟಿಯನ್ನು ತಾನೇ ಇಟ್ಟಿತು. 1935ರಲ್ಲಿ ಅಮೆರಿಕದ ವೈದ್ಯಸಂಘದ ಸಹಕಾರದಿಂದ ಶಾಲೆಗಳ ಮಾನ್ಯತೆಗೆ ನಿಯಮಗಳಾದವು. ಸರ್ಕಾರದ ಮುದ್ರೆಯಿಲ್ಲದೆಯೇ ಶಾಲೆ, ಪಟ್ಟಿ, ಮಾನ್ಯತೆಗಳೆಲ್ಲ ಏರ್ಪಟ್ಟವು. ನಮ್ಮ ನಾಡಿನ ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘಗಳು ತಮ್ಮವರನ್ನು ತಾವೇ ಕಟ್ಟಿನಲ್ಲಿಟ್ಟುಕೊಂಡುದನ್ನು ಬಲ್ಲ ಓದುಗರಿಗೆ ಇದರಲ್ಲಿ ಹೊಸತೇನೂ ಕಾಣದು.

ಹಾಗಾದರೆ ರಾಜ್ಯದ ಪರವಾನಗಿ ಏಕೆ ಬೇಕಾಯಿತು? ಅಮೆರಿಕದಲ್ಲಿ ವೃತ್ತಿಗಳ ಪರವಾನಗಿಯು ಆಯಾ ರಾಜ್ಯಗಳಿಗೆ ಸೇರಿದ ಅಧಿಕಾರ. ವೈದ್ಯರ ವಿಷಯದಲ್ಲಿ ಈ ಅಧಿಕಾರವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1889ರಲ್ಲಿ, ಡೆಂಟ್ ಎಂಬವನಿಗೂ ಪಶ್ಚಿಮ ವರ್ಜೀನಿಯ ರಾಜ್ಯಕ್ಕೂ ನಡೆದ ವ್ಯಾಜ್ಯದಲ್ಲಿ, ಎತ್ತಿಹಿಡಿದಿತ್ತು. ಆದರೂ ಉದ್ಯೋಗ ಚಿಕಿತ್ಸಕರ ಸಂಘವು ಬಹುಕಾಲ ಪರವಾನಗಿಯನ್ನು ಬಯಸಲಿಲ್ಲ. ಪರವಾನಗಿಯಿಂದ ಕೆಲಸದ ವ್ಯಾಪ್ತಿಯು ಕಾಯಿದೆಯ ಮಾತಿನೊಳಗೆ ಹೆಪ್ಪುಗಟ್ಟಿಹೋಗುವುದೆಂದೂ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವವರಿಗೆ ತೊಡಕಾಗುವುದೆಂದೂ ಶಂಕೆಯಿತ್ತು. 1971ರಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯ ವರದಿಯೊಂದು ಆರೋಗ್ಯಕ್ಷೇತ್ರದ ಹೊಸ ವೃತ್ತಿಗಳಿಗೆ ಪರವಾನಗಿ ಕೊಡುವುದನ್ನು ಎರಡು ವರ್ಷ ತಡೆಹಿಡಿಯಬೇಕೆಂದು ಸಲಹೆಮಾಡಿತು.

ಈ ನಿಲುವನ್ನು ಬದಲಿಸಿದ್ದು ಹಣದ ಲೆಕ್ಕ ಮತ್ತು ನೆರೆಯ ವೃತ್ತಿಗಳ ಒತ್ತಡ. 1965ರ ಕಾಯಿದೆಯಿಂದ ವೃದ್ಧರಿಗಾಗಿ ಮೆಡಿಕೇರ್ ಎಂಬ ಸರ್ಕಾರಿ ವಿಮೆಯು ಏರ್ಪಟ್ಟಮೇಲೆ, ಯಾರು ಮಾಡಿದ ಚಿಕಿತ್ಸೆಗೆ ಹಣ ಸಲ್ಲತಕ್ಕದ್ದೆಂಬ ಪ್ರಶ್ನೆ ಎದ್ದಿತು. ವಿಮೆಯ ಗುಮಾಸ್ತನಿಗೆ ಚಿಕಿತ್ಸೆಯ ಗುಣ ಕಾಣದು. ಅವನಿಗೆ ಬೇಕಾದುದು ಪರವಾನಗಿಯ ಸಂಖ್ಯೆ. ಫಿಸಿಯೋಥೆರಪಿಯಂಥ ನೆರೆಯ ವೃತ್ತಿಗಳು ಆ ವೇಳೆಗೆ ಪರವಾನಗಿಯನ್ನು ಪಡೆದು ತಮ್ಮ ಎಲ್ಲೆಗಳನ್ನು ಗುರುತಿಸಿಕೊಂಡಿದ್ದವು. ಎಲ್ಲೆಯಿಲ್ಲದವರ ಹೊಲವನ್ನು ನೆರೆಯವರು ಉಳುವ ಭಯವಿತ್ತು. ಪೋರ್ಟೊರಿಕೊ ಪ್ರಾಂತವು 1968ರಲ್ಲಿಯೇ ಕಾಯಿದೆಯನ್ನು ಮಾಡಿತ್ತು. 1975ರಲ್ಲಿ ಫ್ಲಾರಿಡ ಮತ್ತು ನ್ಯೂಯಾರ್ಕ್ ರಾಜ್ಯಗಳು ಅದೇ ದಾರಿಯನ್ನು ಹಿಡಿದವು. ಉಳಿದ ರಾಜ್ಯಗಳು ಒಂದೊಂದಾಗಿ, ಕೆಲವು ಮೊದಲು ಹೆಸರನ್ನು ಮಾತ್ರ ರಕ್ಷಿಸಿ ಆಮೇಲೆ ಕೆಲಸವನ್ನು ರಕ್ಷಿಸುತ್ತ, ಹಿಂಬಾಲಿಸಿದವು. ಐವತ್ತು ರಾಜ್ಯಗಳಲ್ಲಿಯೂ ಪರವಾನಗಿ ಪೂರ್ತಿಯಾದುದು 2010ರ ದಶಕದಲ್ಲಿ. ರಾಜ್ಯದಿಂದ ರಾಜ್ಯಕ್ಕೆ ಹೋಗುವವರ ತೊಡಕಿನ ಬಗ್ಗೆ ಹಿಂದಿನವರು ಶಂಕಿಸಿದ್ದುದು ನಿಜವೇ ಆಯಿತು. ಅದನ್ನು ಪರಿಹರಿಸಲು 2021ರಿಂದ ರಾಜ್ಯಗಳು ತಮ್ಮತಮ್ಮಲ್ಲಿ ಒಡಂಬಡಿಕೆಯನ್ನು ಮಾಡಿಕೊಳ್ಳಲು ತೊಡಗಿವೆ.

ಬ್ರಿಟನ್: ರಾಜ್ಯವೇ ಒಡೆಯನಾದಾಗ

ಬ್ರಿಟನ್ನಿನ ಕಥೆ ಬೇರೆ. ಅಲ್ಲಿ ಮೊದಲ ಶಾಲೆಯನ್ನು ಸ್ಥಾಪಿಸಿದವಳು ಎಲಿಜಬೆತ್ ಕ್ಯಾಸನ್ ಎಂಬ ವೈದ್ಯೆ. ಸ್ಥಳ ಬ್ರಿಸ್ಟಲ್ ನಗರದ ಡಾರ್ಸೆಟ್ ಹೌಸ್, ವರ್ಷ 1930. ವೃತ್ತಿಯವರ ಸಂಘಗಳು ಸ್ಕಾಟ್ಲೆಂಡಿನಲ್ಲಿ 1932ರಲ್ಲಿ, ಇಂಗ್ಲೆಂಡಿನಲ್ಲಿ 1936ರಲ್ಲಿ ಹುಟ್ಟಿದವು. ಎರಡನೆಯ ಮಹಾಯುದ್ಧದ ನಂತರ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು ಸ್ಥಾಪಿತವಾದಾಗ ದೇಶದ ಬಹುಪಾಲು ಆಸ್ಪತ್ರೆಗಳಿಗೆ ಸರ್ಕಾರವೇ ಒಡೆಯನಾಯಿತು. ಯಾರನ್ನು ನೇಮಿಸಿಕೊಳ್ಳಬೇಕೆಂಬ ಪ್ರಶ್ನೆ ಈಗ ಸರ್ಕಾರದ ಸ್ವಂತ ಪ್ರಶ್ನೆಯಾಯಿತು.

ಶಸ್ತ್ರವೈದ್ಯನಾದ ಸರ್ ಜಾಕರಿ ಕೋಪ್ ಅಧ್ಯಕ್ಷನಾಗಿದ್ದ ಸಮಿತಿಗಳು 1951ರಲ್ಲಿ ವರದಿ ಸಲ್ಲಿಸಿದವು. ಈ ವರದಿಯು ಚಿಕಿತ್ಸಕರನ್ನು ‘ವೈದ್ಯಕೀಯ ಸಹಾಯಕರು’ ಎಂದು ಕರೆದು, ಅವರ ನೋಂದಣಿಯ ಮೇಲೆ ವೈದ್ಯರಿಗೆ ಪ್ರಬಲವಾದ ಹಿಡಿತವಿರಬೇಕೆಂದಿತು. ವೃತ್ತಿಯವರು ಇದನ್ನು ಪ್ರತಿಭಟಿಸಿದರು. ಒಂಬತ್ತು ವರ್ಷಗಳ ಮಾತುಕತೆಯ ತರುವಾಯ 1960ರಲ್ಲಿ ಅಂಗೀಕೃತವಾದ ಕಾಯಿದೆಯ ಹೆಸರಿನಲ್ಲಿ ‘ಸಹಾಯಕರು’ ಎಂಬ ಮಾತು ಬಿದ್ದುಹೋಗಿ ‘ವೈದ್ಯಕ್ಕೆ ಅನುಪೂರಕವಾದ ವೃತ್ತಿಗಳು’ ಎಂಬುದು ಬಂದಿತು. ಏಳು ವೃತ್ತಿಗಳಿಗೆ ಏಳು ಮಂಡಳಿಗಳಾದವು, ಅವುಗಳ ಮೇಲೆ ಒಂದು ಪರಿಷತ್ತು. ಮಂಡಳಿಗಳಲ್ಲಿ ಆಯಾ ವೃತ್ತಿಯವರಿಗೇ ಬಹುಮತ ದೊರೆಯಿತು. ಬರಿಯ ಪದದ ಬದಲಾವಣೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ಸಹಾಯಕನಿಗೆ ಯಜಮಾನನಿರುತ್ತಾನೆ, ವೃತ್ತಿಗೆ ತನ್ನದೇ ಆದ ವಿವೇಚನೆಯಿರುತ್ತದೆ.

ಆದರೆ ಈ ಕಾಯಿದೆಯ ಕಟ್ಟು ಬಹಳ ಸಡಿಲವಾಗಿತ್ತು. ಅದು ಕಾಯ್ದುದು ‘ರಾಜ್ಯದಲ್ಲಿ ನೋಂದಾಯಿತ’ ಎಂಬ ವಿಶೇಷಣವನ್ನು ಮಾತ್ರ. ಸರ್ಕಾರಿ ಆರೋಗ್ಯ ಸೇವೆಯಲ್ಲಿ ನೌಕರಿಗೆ ನೋಂದಣಿ ಅಗತ್ಯವಾಯಿತು. ಹೊರಗೆ ಖಾಸಗಿಯಾಗಿ ಯಾರು ಬೇಕಾದರೂ ಉದ್ಯೋಗ ಚಿಕಿತ್ಸಕನೆಂದು ಹಲಗೆ ತೂಗುಹಾಕಬಹುದಿತ್ತು. ಕಾಯಿದೆಯು ರಕ್ಷಿಸಿದ್ದು ಸರ್ಕಾರವೆಂಬ ಒಡೆಯನನ್ನು. ಖಾಸಗಿ ರೋಗಿಯು ಅದರ ನೆರಳಿಗೆ ಬರಲಿಲ್ಲ. 2001ರ ಆಜ್ಞೆಯೊಂದರ ಮೂಲಕ ಹಳೆಯ ವ್ಯವಸ್ಥೆಯನ್ನು ರದ್ದುಮಾಡಿ ಆರೋಗ್ಯ ವೃತ್ತಿಗಳ ಹೊಸ ಪರಿಷತ್ತನ್ನು ರಚಿಸಿದ ಮೇಲೆಯೇ ವೃತ್ತಿನಾಮವು ಸ್ವತಃ ರಕ್ಷಿತವಾಯಿತು. ಈ ಪರಿಷತ್ತಿಗೆ 2012ರಲ್ಲಿ ಆರೋಗ್ಯ ಮತ್ತು ಆರೈಕೆ ವೃತ್ತಿಗಳ ಪರಿಷತ್ತೆಂದು ಹೆಸರಾಯಿತು. ಹೆಸರಿನ ರಕ್ಷಣೆಯನ್ನು ದಾಟಿ ಕೆಲಸದ ರಕ್ಷಣೆಗೆ ಬ್ರಿಟನ್ ಹೋಗಲಿಲ್ಲ.

ಭಾರತ: ಎಪ್ಪತ್ತು ವರ್ಷಗಳ ನಿರೀಕ್ಷೆ

ಭಾರತಕ್ಕೆ ಈ ವೃತ್ತಿಯನ್ನು ತಂದವರು ಶ್ರೀಮತಿ ಕಮಲಾ ನಿಂಬಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ಭಾರತೀಯರನ್ನು ವಿವಾಹವಾಗಿ ಈ ದೇಶದವರೇ ಆದ ಇವರು, ಅಮೆರಿಕದಲ್ಲಿ ತರಬೇತಿಯನ್ನು ಪಡೆದು ಬಂದು 1950ರಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಶಾಲೆಯನ್ನು ತೆರೆದರು. 1952ರಲ್ಲಿ ಅಖಿಲ ಭಾರತ ಉದ್ಯೋಗ ಚಿಕಿತ್ಸಕರ ಸಂಘ ಸ್ಥಾಪಿತವಾಯಿತು. ಅದೇ ವರ್ಷ ವಿಶ್ವ ಒಕ್ಕೂಟವು ರೂಪುಗೊಂಡಾಗ ಅದರ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದಾಗಿತ್ತು. ಎಂದರೆ ಜಗತ್ತಿನ ಪಂಕ್ತಿಯಲ್ಲಿ ನಾವು ಮೊದಲ ಸಾಲಿನವರು. ಕಾಯಿದೆಯ ಪಂಕ್ತಿಯಲ್ಲಿ ಮಾತ್ರ ಕಡೆಯ ಸಾಲಿನವರಾದೆವು.

ಸಂವಿಧಾನದಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. 19ನೆಯ ವಿಧಿಯು ಪ್ರತಿಯೊಬ್ಬ ಪ್ರಜೆಗೂ ಬೇಕಾದ ವೃತ್ತಿಯನ್ನು ನಡೆಸುವ ಹಕ್ಕನ್ನು ಕೊಟ್ಟು, ಅದೇ ವಿಧಿಯ 6ನೆಯ ಉಪವಿಧಿಯಲ್ಲಿ ವೃತ್ತಿಗೆ ಬೇಕಾದ ಅರ್ಹತೆಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯಕ್ಕೆ ಉಳಿಸಿದೆ. ವೈದ್ಯಕೀಯ ಮತ್ತು ಇತರ ವೃತ್ತಿಗಳು ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯಲ್ಲಿ 26ನೆಯ ವಿಷಯ. ಸಂಸತ್ತು ಹಾಗೂ ರಾಜ್ಯಗಳು, ಇಬ್ಬರೂ ಕಾಯಿದೆ ಮಾಡಬಹುದು. ದಾದಿಯರಿಗೆ 1947ರಲ್ಲಿ, ದಂತವೈದ್ಯರಿಗೂ ಔಷಧಶಾಸ್ತ್ರಜ್ಞರಿಗೂ 1948ರಲ್ಲಿ ಕೇಂದ್ರದ ಕಾಯಿದೆಗಳು ಆದವು. ಇಬ್ಬರಿಗೂ ಸೇರಿದ ಕೆಲಸವು ಹಲವು ವೇಳೆ ಇಬ್ಬರಿಂದಲೂ ಆಗದೆ ಉಳಿಯುವುದುಂಟು. ಉದ್ಯೋಗ ಚಿಕಿತ್ಸಕರ ವಿಷಯದಲ್ಲಿ ಆದುದೂ ಅದೇ.

ಮೊದಲು ಕದಲಿದ್ದು ರಾಜ್ಯಗಳು. ದೆಹಲಿಯು 1997ರಲ್ಲಿ ಫಿಸಿಯೋಥೆರಪಿ ಮತ್ತು ಉದ್ಯೋಗ ಚಿಕಿತ್ಸೆಗಳಿಗೆ ಒಂದು ಪರಿಷತ್ತನ್ನು ಕಾಯಿದೆಯಿಂದ ರಚಿಸಿತು. ಮಹಾರಾಷ್ಟ್ರವು 2002ರ ಕಾಯಿದೆಯಿಂದ ಅದನ್ನೇ ಮಾಡಿತು. ಮುಂಬಯಿ ಮತ್ತು ನಾಗಪುರಗಳ ಹಳೆಯ ಶಾಲೆಗಳು ಮಹಾರಾಷ್ಟ್ರದಲ್ಲಿಯೇ ಇದ್ದವೆಂಬುದನ್ನು ನೆನೆದರೆ, ಶಾಲೆಯಿರುವಲ್ಲಿ ವೃತ್ತಿಯವರ ಗುಂಪು, ಗುಂಪಿರುವಲ್ಲಿ ಕಾಯಿದೆ ಎಂಬ ಕ್ರಮವು ಸ್ಪಷ್ಟವಾಗುತ್ತದೆ. ಕೇಂದ್ರದಲ್ಲಿ 2007ರಲ್ಲಿ ಅರೆವೈದ್ಯಕೀಯ ಮತ್ತು ಫಿಸಿಯೋಥೆರಪಿ ಪರಿಷತ್ತುಗಳ ಮಸೂದೆಯೊಂದು ಲೋಕಸಭೆಗೆ ಬಂದು, ಸಭೆಯ ಅವಧಿಯೊಡನೆ ಬಿದ್ದುಹೋಯಿತು. 2018ರ ಮಸೂದೆಯೂ ಕಾಯಿದೆಯಾಗಲಿಲ್ಲ. ಕೊನೆಗೆ 2020ರ ಮಸೂದೆಯು 2021ರ ಮಾರ್ಚ್ ತಿಂಗಳಲ್ಲಿ ಎರಡೂ ಸಭೆಗಳ ಒಪ್ಪಿಗೆಯನ್ನು ಪಡೆದು ಸಹವರ್ತಿ ಮತ್ತು ಆರೋಗ್ಯಪಾಲನಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯಾಯಿತು. ಕೊರೋನಾ ಸಾಂಕ್ರಾಮಿಕದ ಕಾಲದಲ್ಲಿ ವೈದ್ಯರು ಮತ್ತು ದಾದಿಯರಲ್ಲದ ಆಸ್ಪತ್ರೆಯ ಕೆಲಸಗಾರರ ಮೇಲೆ ದೇಶದ ಕಣ್ಣು ಬಿದ್ದಿದ್ದ ಸಮಯವದು.

ಈ ಕಾಯಿದೆಯು ವೃತ್ತಿಗಳನ್ನು ಹತ್ತು ವರ್ಗಗಳಲ್ಲಿ ಹಂಚಿದೆ. ಉದ್ಯೋಗ ಚಿಕಿತ್ಸೆಗೆ ಒಂದು ವರ್ಗವೇ ಮೀಸಲು. ಆರೋಗ್ಯಪಾಲನಾ ವೃತ್ತಿಯವರೆನಿಸಿಕೊಳ್ಳಲು 3ರಿಂದ 6 ವರ್ಷಗಳಲ್ಲಿ ಹರಡಿದ ಕನಿಷ್ಠ 3,600 ಗಂಟೆಗಳ ವ್ಯಾಸಂಗದ ಪದವಿ ಬೇಕು. ರಾಜ್ಯದ ಪಟ್ಟಿಯಲ್ಲಾಗಲಿ ರಾಷ್ಟ್ರದ ಪಟ್ಟಿಯಲ್ಲಾಗಲಿ ಹೆಸರಿಲ್ಲದವರು ವೃತ್ತಿಯನ್ನು ನಡೆಸಿದರೆ ದಂಡವುಂಟು. ಆದುದರಿಂದ ಭಾರತವು ಹಿಡಿದಿರುವುದು ಬಿಗಿಯಾದ ಮಾರ್ಗ. ಆದರೆ ಬಿಗಿಯಾದ ಕಟ್ಟಿಗೆ ಕಾವಲುಗಾರನೂ ಬೇಕು. ರಾಜ್ಯ ಪರಿಷತ್ತುಗಳನ್ನು ಆರು ತಿಂಗಳೊಳಗೆ ರಚಿಸತಕ್ಕದ್ದೆಂದು ಕಾಯಿದೆಯೇ ಹೇಳಿದ್ದರೂ ಮೂರು ವರ್ಷ ಕಳೆದಮೇಲೆ, 2024ರ ಆಗಸ್ಟಿನಲ್ಲಿ, ಎರಡು ತಿಂಗಳೊಳಗೆ ಅದನ್ನು ಕಾರ್ಯಗತಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಕೇಂದ್ರಕ್ಕೂ ರಾಜ್ಯಗಳಿಗೂ ನಿರ್ದೇಶಿಸಬೇಕಾಗಿ ಬಂದಿತು.

ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಎರಡು ಸಂಗತಿಗಳು ಹೊರಪಡುತ್ತವೆ. ಮೊದಲನೆಯದಾಗಿ, ವಿಳಂಬಕ್ಕೆ ಕೇವಲ ಅಲಕ್ಷ್ಯವೇ ಕಾರಣವಲ್ಲ. ದಿನಬಳಕೆಯ ಕೆಲಸಗಳನ್ನೇ ಉಪಕರಣವಾಗಿ ಉಳ್ಳ ವೃತ್ತಿಗೆ ಎಲ್ಲೆಕಟ್ಟುವುದು ಕಷ್ಟವಾಗಿತ್ತು. ಎರಡನೆಯದಾಗಿ, ಎಲ್ಲ ಕಾಯಿದೆಗಳ ಪೀಠಿಕೆಯೂ ಸಾರ್ವಜನಿಕರ ಹಿತವನ್ನೇ ಮುಂದಿಟ್ಟರೂ, ರಾಜ್ಯವು ನಿಜವಾಗಿ ಕೈಹಾಕಿದ್ದು ಬ್ರಿಟನ್ನಿನಲ್ಲಿ ತಾನು ನೌಕರಿ ಕೊಡುವವನಾದಾಗ, ಅಮೆರಿಕದಲ್ಲಿ ವಿಮೆಯ ಹಣ ತೆರುವ ಪ್ರಶ್ನೆ ಬಂದಾಗ, ಭಾರತದಲ್ಲಿ ವೃತ್ತಿಯವರು ದೀರ್ಘಕಾಲ ಬೆನ್ನುಹತ್ತಿದಾಗ. ರೋಗಿಯ ಧ್ವನಿಯು ಈ ಚರಿತ್ರೆಯಲ್ಲಿ ಎಲ್ಲಿಯೂ ಗಟ್ಟಿಯಾಗಿ ಕೇಳುವುದಿಲ್ಲ.

ಹೀಗೆಂದಮಾತ್ರಕ್ಕೆ ಪರವಾನಗಿಯು ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಬಿದ್ದ ಕೈಯನ್ನು ಮೊದಲ ತಿಂಗಳುಗಳಲ್ಲಿ ತಪ್ಪಾಗಿ ಎಳೆದಾಡಿದರೆ ಭುಜದ ಕೀಲು ಶಾಶ್ವತವಾಗಿ ಕೆಡಬಹುದು. ಪಟ್ಟಣದ ಬೀದಿಯಲ್ಲಿ ಹಲಗೆಯನ್ನು ನೋಡಿ ಒಳಹೋಗುವ ಬಡವನಿಗೆ, ಒಳಗಿರುವವರು ಕಲಿತವರೋ ಅಲ್ಲವೋ ಎಂದು ತಿಳಿಯಲು ಪಟ್ಟಿಯೊಂದಲ್ಲದೆ ಬೇರೆ ದಾರಿಯಿಲ್ಲ. ಆದರೆ ಇನ್ನೊಂದು ಪಕ್ಕವನ್ನೂ ನೋಡಬೇಕು. 1917ರಲ್ಲಿ ಕ್ಲಿಫ್ಟನ್ ಸ್ಪ್ರಿಂಗ್ಸಿನಲ್ಲಿ ಸೇರಿದ ಆರು ಜನರಲ್ಲಿ ಒಬ್ಬರಾದರೂ ಇಂದಿನ ನಿಯಮಗಳಂತೆ ಉದ್ಯೋಗ ಚಿಕಿತ್ಸಕರ ಪರವಾನಗಿಯನ್ನು ಪಡೆಯಲಾರರು. ವೃತ್ತಿಯನ್ನು ಹುಟ್ಟಿಸಿದವರನ್ನೇ ಹೊರಗಿಡುವ ಎಲ್ಲೆಯು ನಾಳೆ ಹೊಸದನ್ನು ಹುಟ್ಟಿಸಬಲ್ಲವರನ್ನೂ ಹೊರಗಿಟ್ಟೀತೆಂಬ ಎಚ್ಚರಿಕೆ ಪರಿಷತ್ತುಗಳಲ್ಲಿ ಕುಳಿತವರಿಗೆ ಇರತಕ್ಕದ್ದು. ಹಳ್ಳಿಯ ಅಂಗವಿಕಲ ಮಗುವಿಗೆ ನೂರು ಮೈಲಿಯೊಳಗೆ ಪದವೀಧರ ಚಿಕಿತ್ಸಕರು ದೊರೆಯದಿರುವಾಗ, ಆ ಮಗುವಿನ ಜೊತೆ ದುಡಿಯುವ ಪದವಿಯಿಲ್ಲದ ಕಾರ್ಯಕರ್ತೆಗೆ ಪಟ್ಟಿಯಲ್ಲಿ ಸ್ಥಾನವಿಲ್ಲದಿದ್ದರೂ ತರಬೇತಿಯ ಏರ್ಪಾಡಿನಲ್ಲಿ ಸ್ಥಾನವಿರಬೇಕು.

ಪ್ರಾಚೀನ ಶಾಸನಗಳಲ್ಲಿ ದಾನದ ಉದ್ದೇಶವನ್ನು ಹೇಳುವ ಸಾಲುಗಳು ಬಹುವೇಳೆ ಸವೆದಿರುತ್ತವೆ. ಕೊಟ್ಟವನ ಬಿರುದುಗಳು ಮಾತ್ರ ಸ್ಪಷ್ಟವಾಗಿ ಉಳಿದಿರುತ್ತವೆ. ಈ ಹೊಸ ಶಾಸನಗಳ ವಿಷಯದಲ್ಲಿ ಹಾಗಾಗದಿರಲಿ. ಪರಿಷತ್ತುಗಳು, ಪಟ್ಟಿಗಳು, ದಂಡಗಳು ಇವೆಲ್ಲ ಇರುವುದು ಕೈ ಸೋತವನೊಬ್ಬನು ತನ್ನ ತುತ್ತನ್ನು ತಾನೇ ಎತ್ತಿಕೊಳ್ಳುವಂತಾಗಲೆಂದು. ಅದು ನೆರವೇರುತ್ತಿದೆಯೇ ಎಂಬುದೊಂದೇ ಈ ಕಾಯಿದೆಗಳನ್ನು ಮುಂದಿನ ಇತಿಹಾಸಕಾರರು ಅಳೆಯಬೇಕಾದ ಅಳತೆಗೋಲು.